ಹೇಡಿಯ ಪಾರ್ಟು

ಅಮೆರಿಕದ ದರೋಡೆಕೋರ ಜೆಸ್ಸಿ ಜೇಮ್ಸ್‌ನ ಕುರಿತ ಸಿನಿಮಾವೊಂದನ್ನು ಈ ಜನವರಿಯಲ್ಲಿ ಎರಡನೆಯ ಸಲ ನೋಡಿದೆ. ಮೊದಲ ಸಲ ಒಬ್ಬನೇ ನೋಡಿದ್ದೆ. ಈ ಸಲ ಗವಿಮಠದ ಜಾತ್ರೆಗೆಂದು ಯಲಬುರ್ಗಾ ಕಡೆಯ ನಮ್ಮೂರಿನಿಂದ ಬಂದು ಕೊಪ್ಪಳದ ಮನೆಯಲ್ಲಿ ನಾಲ್ಕು ದಿನ ಉಳಿದಿದ್ದ ಸೋದರಮಾವ ಜೊತೆಗಿದ್ದರು. ಅವರಿಗೆ ಇಂಗ್ಲಿಷ್ ಬಾರದು. ಮಾತು ಬಂದಲ್ಲೆಲ್ಲ ನಿಲ್ಲಿಸಿ, ಕನ್ನಡದಲ್ಲಿ ತಿಳಿಸಿ, ಮತ್ತೆ ಮುಂದುವರಿಸುತ್ತ ಹೋದದ್ದರಿಂದ 160 ನಿಮಿಷದ ಚಿತ್ರಕ್ಕೆ ಎರಡು ರಾತ್ರಿ ಬೇಕಾದವು. ನಿಧಾನವಾಗಿಯೇ ಸಾಗುವ ಚಿತ್ರವನ್ನು ಇನ್ನೂ ನಿಧಾನವಾಗಿ ನೋಡಿದರೆ ಬೇಸರ ಬರಬೇಕಿತ್ತು, ಬರಲಿಲ್ಲ. ನನ್ನ ಕಣ್ಣಿಗೆ ಮೊದಲ ಸಲ ಬೀಳದ ಸಂಗತಿಯೊಂದನ್ನು ಮಾವ ಹಿಡಿದರು. ಅದನ್ನು ಮರೆಯುವ ಮೊದಲು ಬರೆದಿಡಬೇಕೆನಿಸಿತು.

ಚಿತ್ರದ ಹೆಸರು ‘ದಿ ಅಸಾಸಿನೇಷನ್ ಆಫ್ ಜೆಸ್ಸಿ ಜೇಮ್ಸ್ ಬೈ ದಿ ಕವರ್ಡ್ ರಾಬರ್ಟ್ ಫೋರ್ಡ್’. ಹೇಡಿ ರಾಬರ್ಟ್ ಫೋರ್ಡ್ ಮಾಡಿದ ಜೆಸ್ಸಿ ಜೇಮ್ಸ್‌ನ ಕೊಲೆ ಎಂದು ಮಾವನಿಗೆ ಹೇಳಿದೆ. ಸಾಯುವವನು ಯಾರು, ಕೊಲ್ಲುವವನು ಯಾರು, ಕೊಂದವನನ್ನು ಲೋಕ ಏನೆಂದು ಕರೆಯಿತು ಎಂಬ ಮೂರನ್ನೂ ಹೆಸರೇ ಬಿಟ್ಟುಕೊಡುವುದರಿಂದ ಮುಂದೇನಾಗುತ್ತದೋ ಎಂಬ ಕುತೂಹಲಕ್ಕೆ ಇಲ್ಲಿ ಜಾಗವಿಲ್ಲ. ಬಯಲಾಟ ನೋಡಿ ಬೆಳೆದವರಿಗೆ ಇದೊಂದು ಕೊರತೆಯಾಗಿ ಕಾಣುವುದಿಲ್ಲ. ಕೀಚಕ ಸಾಯುತ್ತಾನೆಂದು ಗೊತ್ತಿದ್ದೇ ನಮ್ಮ ಜನ ಕಂಬಳಿ ಹೊದ್ದು ಬೆಳ್ಳಿ ಮೂಡುವ ತನಕ ಕೂರುತ್ತಾರೆ. ಅವನು ತನ್ನ ಸಾವಿನ ಹತ್ತಿರಕ್ಕೆ ತಾನಾಗಿ ಹೇಗೆ ನಡೆದುಹೋಗುತ್ತಾನೆಂಬುದನ್ನು ನೋಡಲೆಂದೇ ಕೂರುತ್ತಾರೆ. ರಾನ್ ಹ್ಯಾನ್ಸನ್ 1983ರಲ್ಲಿ ಬರೆದ ಕಾದಂಬರಿಯನ್ನು ಆಧರಿಸಿ ಆಂಡ್ರ್ಯೂ ಡಾಮಿನಿಕ್ ನಿರ್ದೇಶಿಸಿದ ಈ ಚಿತ್ರ 2007ರಲ್ಲಿ ತೆರೆಕಂಡಿತು. ಜೆಸ್ಸಿಯಾಗಿ ಬ್ರಾಡ್ ಪಿಟ್, ರಾಬರ್ಟ್ ಎಂದರೆ ಬಾಬ್ ಆಗಿ ಕೇಸಿ ಅಫ್ಲೆಕ್ ನಟಿಸಿದ್ದಾರೆ. ಸುಮಾರು 3 ಕೋಟಿ ಡಾಲರ್ ಖರ್ಚಾದ ಚಿತ್ರ ಚಿತ್ರಮಂದಿರಗಳಲ್ಲಿ ಅದರ ಅರ್ಧದಷ್ಟನ್ನು ಮಾತ್ರ ಗಳಿಸಿತು. ಕುದುರೆ, ಬಂದೂಕು, ಧೂಳು ಬಯಸಿ ಹೋದವರಿಗೆ ಇದರಲ್ಲಿ ಸಿಕ್ಕಿದ್ದು ಕಾಯುವಿಕೆ ಮತ್ತು ಭಯ.

ನಿಜವಾದ ಜೆಸ್ಸಿಯ ಬಗ್ಗೆ ಸ್ವಲ್ಪ ಹೇಳದೆ ಮುಂದೆ ಹೋಗುವಂತಿಲ್ಲ. ಅವನು ಹುಟ್ಟಿದ್ದು 1847ರಲ್ಲಿ, ಮಿಸೌರಿ ರಾಜ್ಯದ ಕ್ಲೇ ಕೌಂಟಿಯಲ್ಲಿ. ತಂದೆ ಬ್ಯಾಪ್ಟಿಸ್ಟ್ ಪಾದ್ರಿ, ಮನೆಯಲ್ಲಿ ಗುಲಾಮರಿದ್ದರು. ಗುಲಾಮಗಿರಿಯ ಪ್ರಶ್ನೆಯ ಮೇಲೆ ಅಮೆರಿಕ ಎರಡು ಪಾಲಾಗಿ ಕಾದಾಡಿದ ಅಂತರ್ಯುದ್ಧದಲ್ಲಿ, ಇನ್ನೂ ಹದಿನಾರು ವರ್ಷದ ಹುಡುಗನಾಗಿದ್ದಾಗಲೇ, ಅವನು ದಕ್ಷಿಣದವರ ಪರವಾಗಿ ಗೆರಿಲ್ಲಾ ಗುಂಪು ಸೇರಿದ. ಯುದ್ಧ 1865ರಲ್ಲಿ ಮುಗಿದರೂ ಬಂದೂಕು ಕೈಬಿಡಲಿಲ್ಲ. ಅಣ್ಣ ಫ್ರಾಂಕ್ ಮತ್ತು ಯಂಗರ್ ಸಹೋದರರ ಜೊತೆ ಬ್ಯಾಂಕುಗಳನ್ನು, ಆಮೇಲೆ ರೈಲುಗಳನ್ನು ದೋಚಿದ. 1876ರ ಸೆಪ್ಟೆಂಬರ್ 7ರಂದು ಮಿನ್ನೆಸೋಟಾದ ನಾರ್ತ್‌ಫೀಲ್ಡ್ ಎಂಬ ಊರಿನ ಬ್ಯಾಂಕಿಗೆ ಕೈಹಾಕಿದಾಗ ಊರಿನವರೇ ತಿರುಗಿಬಿದ್ದು ಗುಂಡು ಹಾರಿಸಿದರು. ಯಂಗರ್ ಸಹೋದರರು ಸಿಕ್ಕಿಬಿದ್ದರು, ಜೇಮ್ಸ್ ಅಣ್ಣತಮ್ಮಂದಿರು ಮಾತ್ರ ತಪ್ಪಿಸಿಕೊಂಡರು. ತಿಜೋರಿ ತೆರೆಯಲೊಪ್ಪದ ಒಬ್ಬ ಬ್ಯಾಂಕ್ ನೌಕರನನ್ನು ಅಂದು ಅವರ ಗುಂಪು ಕೊಂದಿತ್ತು.

ಇಂಥವನು ಬಡವರ ಬಂಧು ಆದದ್ದು ಹೇಗೆ? ಮುಖ್ಯವಾಗಿ ಪತ್ರಿಕೆಯಿಂದ. ಸೋತ ದಕ್ಷಿಣದ ಪರವಾಗಿದ್ದ ಜಾನ್ ನ್ಯೂಮನ್ ಎಡ್ವರ್ಡ್ಸ್ ಎಂಬ ಸಂಪಾದಕ ಕಾನ್ಸಾಸ್ ಸಿಟಿಯ ಪತ್ರಿಕೆಯಲ್ಲಿ ಈ ದರೋಡೆಕೋರರನ್ನು ಹಳೆಯ ಕಾಲದ ವೀರರೆಂಬಂತೆ ಬರೆದ. 1875ರ ಜನವರಿಯ ಒಂದು ರಾತ್ರಿ ಪಿಂಕರ್ಟನ್ ಪತ್ತೇದಾರರು ಜೇಮ್ಸ್ ಮನೆಗೆ ಬೆಂಕಿಯ ಉಂಡೆ ಎಸೆದು, ಅದು ಸಿಡಿದು, ಎಂಟು ವರ್ಷದ ಮಲತಮ್ಮ ಸತ್ತು ತಾಯಿಯ ಕೈ ಹೋದದ್ದು ಜನರ ಮನಸ್ಸನ್ನು ಇನ್ನಷ್ಟು ಅವನ ಕಡೆ ತಿರುಗಿಸಿತು. ಆಮೇಲೆ ಹತ್ತು ಸೆಂಟಿನ ಅಗ್ಗದ ಪುಸ್ತಕಗಳು ಬಂದವು. ದೋಚಿದ ಹಣವನ್ನು ಅವನು ಬಡವರಿಗೆ ಹಂಚಿದ ಎನ್ನುವುದಕ್ಕೆ ಇತಿಹಾಸಕಾರರಿಗೆ ಆಧಾರ ಸಿಕ್ಕಿಲ್ಲ. ಆದರೆ ಹಂಚಿದ ಎಂದೇ ಹಾಡು ಹೇಳುತ್ತದೆ, ಹಾಡು ಜನರ ಬಾಯಲ್ಲಿ ಉಳಿಯುತ್ತದೆ.

ಡಾಮಿನಿಕ್ ಈ ಯಾವುದನ್ನೂ ತೋರಿಸುವುದಿಲ್ಲ. ಬ್ಯಾಂಕುಗಳಿಲ್ಲ, ನಾರ್ತ್‌ಫೀಲ್ಡ್ ಇಲ್ಲ, ಯುದ್ಧವಿಲ್ಲ. 1881ರ ಸೆಪ್ಟೆಂಬರ್ 7ರಂದು, ನಾರ್ತ್‌ಫೀಲ್ಡ್ ಸೋಲಿಗೆ ಸರಿಯಾಗಿ ಐದು ವರ್ಷ ತುಂಬಿದ ದಿನ, ಮಿಸೌರಿಯ ಬ್ಲೂ ಕಟ್ ಎಂಬಲ್ಲಿ ನಡೆದ ಕೊನೆಯ ರೈಲು ದರೋಡೆಯಿಂದ ಅವನು ಕತೆ ಶುರು ಮಾಡುತ್ತಾನೆ. ಹಳೆಯ ಸಂಗಡಿಗರೆಲ್ಲ ಸತ್ತಿದ್ದಾರೆ ಅಥವಾ ಜೈಲಿನಲ್ಲಿದ್ದಾರೆ. ಈಗ ಜೊತೆಗಿರುವವರು ಹತ್ತಿರದ ಊರುಗಳಿಂದ ಕೂಡಿಸಿಕೊಂಡ ಪುಡಿ ಕಳ್ಳರು. ಅವರಲ್ಲಿ ಚಾರ್ಲಿ ಫೋರ್ಡ್ ಒಬ್ಬ; ಅವನ ತಮ್ಮ, ಹತ್ತೊಂಬತ್ತರ ಬಾಬ್, ಹೇಗಾದರೂ ಮಾಡಿ ತನ್ನನ್ನೂ ಸೇರಿಸಿಕೊಳ್ಳಲಿ ಎಂದು ಫ್ರಾಂಕ್‌ನ ಮುಂದೆ ಹಲ್ಲುಗಿಂಜಿ ನಿಲ್ಲುತ್ತಾನೆ. ಫ್ರಾಂಕ್ ಮುಖ ಸಿಂಡರಿಸಿ ಅಟ್ಟುತ್ತಾನೆ. ಈ ಹುಡುಗ ನಗುವಾಗ ಎದುರಿನವರಿಗೆ ಯಾಕೆ ಮೈ ಮುಳ್ಳೇಳುತ್ತದೆ ಎಂಬುದನ್ನು ಅಫ್ಲೆಕ್ ಆ ಒಂದು ದೃಶ್ಯದಲ್ಲೇ ತೋರಿಸಿಬಿಡುತ್ತಾನೆ.

ರೈಲಿನ ದೃಶ್ಯವನ್ನು ಮಾವನಿಗೆ ಎರಡು ಸಲ ತೋರಿಸಿದೆ. ಕಾಡಿನ ನಡುವೆ ಕತ್ತಲು. ಮುಖಕ್ಕೆ ಬಟ್ಟೆ ಕಟ್ಟಿಕೊಂಡವರು ಕೈಯಲ್ಲಿ ಲಾಂದ್ರ ಹಿಡಿದು ಕಾಯುತ್ತಾರೆ. ಹಳಿಯ ಮೇಲೆ ಅಡ್ಡ ಹಾಕಿದ ರಾಶಿಯ ಹತ್ತಿರ ಜೆಸ್ಸಿ ಒಬ್ಬನೇ ನಿಂತಿದ್ದಾನೆ. ರೈಲು ಇನ್ನೂ ಕಾಣುವುದಿಲ್ಲ, ಅದರ ದೀಪದ ಬೆಳಕು ಮಾತ್ರ ತಿರುವು ದಾಟಿ ಮರಗಳ ಸಂದಿಯಲ್ಲಿ ಹರಿಯತೊಡಗುತ್ತದೆ. ಒಂದೊಂದು ಕಾಂಡದ ನೆರಳೂ ಎದ್ದು, ತಿರುಗಿ, ಮುಸುಕಿನ ಮನುಷ್ಯರ ಮೇಲೆ ಹಾದುಹೋಗುತ್ತದೆ. ಬ್ರೇಕಿನ ಕಿಡಿ, ಹಬೆ, ಆ ಹಬೆಯೊಳಗೆ ಕಪ್ಪು ಗೆರೆಯಂತೆ ಕಾಣುವ ಒಬ್ಬ ಮನುಷ್ಯ. ಪುರಾಣಪುರುಷನನ್ನು ಇಷ್ಟು ಭವ್ಯವಾಗಿ ತೋರಿಸಿದ ಮರುಗಳಿಗೆಯಲ್ಲೇ ಚಿತ್ರ ಅವನನ್ನು ಬೋಗಿಯೊಳಗೆ ಕರೆದೊಯ್ಯುತ್ತದೆ. ಅಲ್ಲಿ ಅವನು ಕೈಗೆ ಆಯುಧವಿಲ್ಲದ ನೌಕರನ ತಲೆಗೆ ಪಿಸ್ತೂಲಿನಿಂದ ಹೊಡೆಯುತ್ತಾನೆ. ಇಡೀ ಚಿತ್ರದಲ್ಲಿರುವ ಒಂದೇ ದರೋಡೆ ಇದು, ಅದೂ ಮೊದಲ ಅರ್ಧ ಗಂಟೆಯೊಳಗೇ ಮುಗಿಯುತ್ತದೆ. ಸ್ವಲ್ಪ ಹೊತ್ತಿನಲ್ಲೇ ಫ್ರಾಂಕ್ ತಮ್ಮನನ್ನು ಬಿಟ್ಟು ದೂರದ ಊರಿಗೆ ಹೋಗುತ್ತಾನೆ. ಉಳಿದ ಎರಡು ಗಂಟೆಯ ಉದ್ದಕ್ಕೂ ಚಳಿಗಾಲ.

ಆ ಚಳಿಗಾಲವನ್ನು ಛಾಯಾಗ್ರಾಹಕ ರೋಜರ್ ಡೀಕಿನ್ಸ್ ಹಿಡಿದ ರೀತಿಯ ಬಗ್ಗೆ ಬರೆಯುತ್ತ ಹೋದರೆ ಈ ಬರಹಕ್ಕೆ ಕೊನೆಯಿರುವುದಿಲ್ಲ. ಕೆಲವು ದೃಶ್ಯಗಳಲ್ಲಿ ಚೌಕಟ್ಟಿನ ನಡುವೆ ಮಾತ್ರ ಚಿತ್ರ ಸ್ಪಷ್ಟವಾಗಿದ್ದು, ಅಂಚಿನ ಕಡೆಗೆ ಮಸುಕಾಗಿ, ಬಣ್ಣ ಕದಡಿದಂತಾಗುತ್ತದೆ. ಹಳೆಯ ಮಸೂರಗಳನ್ನು ಬಿಚ್ಚಿ ಬೇರೆ ಮಸೂರಗಳ ಮುಂದೆ ಕೂರಿಸಿ ಅವನು ಇದನ್ನು ಸಾಧಿಸಿದ. ನಮ್ಮೂರಿನ ಹಳೆಯ ಮನೆಗಳ ಪಡಸಾಲೆಯಲ್ಲಿ ಸತ್ತುಹೋದ ಹಿರಿಯರ ಫೋಟೊಗಳಿರುತ್ತವೆ. ತೇವ ಕುಡಿದು ಅಂಚೆಲ್ಲ ಅಳಿಸಿಹೋಗಿ, ರುಮಾಲು ಸುತ್ತಿದ ಮುಖ ಮತ್ತು ಎರಡು ಕಣ್ಣು ಮಾತ್ರ ಉಳಿದಿರುತ್ತವೆ. ಆ ಹಿರಿಯನ ಬಗ್ಗೆ ಮನೆಯವರಿಗೆ ಗೊತ್ತಿರುವುದೂ ಅಷ್ಟೇ: ಒಂದು ಹೆಸರು, ಒಂದೆರಡು ಸಾಹಸ. ಡೀಕಿನ್ಸ್‌ನ ದೃಶ್ಯಗಳು ಅದೇ ಫೋಟೊದಂತಿವೆ. ಚಿತ್ರೀಕರಣ ನಡೆದದ್ದು ಹೆಚ್ಚಾಗಿ ಕೆನಡಾದಲ್ಲಿ. ಅಲ್ಲಿಯ ಒಣ ಹುಲ್ಲಿನ ಬಯಲು, ದಿಗಂತದ ತನಕ ಒಂದೂ ಗಿಡವಿಲ್ಲದ ನೆಲ, ಅದರ ಮೇಲೆ ವೇಗವಾಗಿ ಓಡುವ ಮೋಡ. ಮಾಗಿಯಲ್ಲಿ ನಮ್ಮ ಎರೆಹೊಲಗಳ ನಡುವೆ ನಿಂತವರಿಗೆ, ಹಿಂಗಾರಿ ಜೋಳದ ಮೇಲೆ ಗಾಳಿ ಹಾಯುವ ಸದ್ದು ಕೇಳಿದವರಿಗೆ, ಆ ಬಯಲಿನ ಒಂಟಿತನವನ್ನು ಯಾರೂ ವಿವರಿಸಬೇಕಾಗಿಲ್ಲ. ನಿಕ್ ಕೇವ್ ಮತ್ತು ವಾರನ್ ಎಲಿಸ್ ಅವರ ಸಂಗೀತ ಕೂಡ ಅಷ್ಟೇ ಮಿತವಾದದ್ದು. ಕೆಲವೇ ಸ್ವರಗಳು ಮತ್ತೆ ಮತ್ತೆ ಬಂದುಹೋಗುತ್ತವೆ.

ಈ ಚಿತ್ರದ ನಿಧಾನವನ್ನು ದೂರುವವರಿದ್ದಾರೆ. ಈ ನಿಧಾನವೇ ಚಿತ್ರದ ಜೀವ ಎಂಬುದು ನನ್ನ ಅಭಿಪ್ರಾಯ. ಲಾವಣಿ ಓಡುತ್ತದೆ, ಹುಟ್ಟಿದ, ದೋಚಿದ, ಹಂಚಿದ, ಮೋಸದಿಂದ ಸತ್ತ ಎಂದು ನಾಲ್ಕು ನುಡಿಯಲ್ಲಿ ಒಂದು ಬಾಳನ್ನು ಮುಗಿಸುತ್ತದೆ. ಒಬ್ಬ ಮನುಷ್ಯ ತನ್ನ ಮನೆಯ ಹಿತ್ತಲಿನಲ್ಲಿ ಕುರ್ಚಿ ಹಾಕಿಕೊಂಡು ಸುಮ್ಮನೆ ಕೂತದ್ದು, ಉರಿಯುವ ಕಣ್ಣನ್ನು ಮತ್ತೆ ಮತ್ತೆ ಮಿಟುಕಿಸಿದ್ದು, ತನ್ನವರಲ್ಲಿ ಯಾರು ತನ್ನನ್ನು ಹಿಡಿದುಕೊಡುತ್ತಾರೋ ಎಂದು ರಾತ್ರಿಯೆಲ್ಲ ನಿದ್ದೆಗೆಟ್ಟದ್ದು ಲಾವಣಿಗೆ ಬೇಕಿಲ್ಲ. ಅದೆಲ್ಲವನ್ನೂ ಡಾಮಿನಿಕ್ ಹೆಕ್ಕಿ ಮುಂದಿಡುತ್ತಾನೆ. ಜೆಸ್ಸಿ ಒಬ್ಬೊಬ್ಬ ಸಂಗಡಿಗನ ಮನೆಗೆ ಹೇಳದೆ ಕೇಳದೆ ಬಂದಿಳಿಯುತ್ತಾನೆ, ನಗುತ್ತಾನೆ, ಉಣ್ಣುತ್ತಾನೆ, ಆಮೇಲೆ ಬಾ ಹೊರಗೆ ಹೋಗೋಣ ಎನ್ನುತ್ತಾನೆ. ಎಡ್ ಮಿಲ್ಲರ್ ಎಂಬ ಬಡಪಾಯಿ ಹಾಗೆ ಹೋದವನು ತಿರುಗಿ ಬರುವುದಿಲ್ಲ. ಇನ್ನೊಂದು ಮನೆಯಲ್ಲಿ ಒಬ್ಬ ಹುಡುಗನನ್ನು ಹೊಡೆದು ಬಡಿದು ಸಂಗಡಿಗನ ಸುಳಿವು ಕೇಳುತ್ತಾನೆ. ಹುಡುಗನಿಗೆ ನಿಜವಾಗಿಯೂ ಏನೂ ಗೊತ್ತಿಲ್ಲ. ಕೊನೆಗೆ ಜೆಸ್ಸಿ ಹೊರಗೆ ಹೋಗಿ ತನ್ನ ಕುದುರೆಗೆ ಮುಖ ಆನಿಸಿ ಅಳುತ್ತಾನೆ. ಹೆಪ್ಪುಗಟ್ಟಿದ ಕೆರೆಯ ಮೇಲೆ ನಿಂತು ಚಾರ್ಲಿಯನ್ನು, ಸಾಯಬೇಕೆಂದು ನಿನಗೆ ಎಂದಾದರೂ ಅನ್ನಿಸಿದ್ದುಂಟೇ ಎಂದು ಕೇಳಿ, ಕಾಲಕೆಳಗಿನ ಮಂಜಿಗೇ ಗುಂಡು ಹಾರಿಸುತ್ತಾನೆ. ವೀರನ ಬಗ್ಗೆ ಹಾಡುವ ಯಾವ ಹಾಡಿನಲ್ಲೂ ಈ ದಣಿವು ಇರುವುದಿಲ್ಲ. ವೆನಿಸ್ ಚಿತ್ರೋತ್ಸವದಲ್ಲಿ ಬ್ರಾಡ್ ಪಿಟ್‌ಗೆ ಶ್ರೇಷ್ಠ ನಟ ಪ್ರಶಸ್ತಿ ಬಂದದ್ದು ಈ ಪಾತ್ರಕ್ಕೆ, ಅದು ತಕ್ಕ ಗೌರವ.

ಆದರೂ ಚಿತ್ರ ನಿಂತಿರುವುದು ಬಾಬ್‌ನ ಮೇಲೆ. ಮಂಚದ ಕೆಳಗಿನ ಪೆಟ್ಟಿಗೆಯಲ್ಲಿ ಅವನು ಜೆಸ್ಸಿಯ ಸಾಹಸದ ಅಗ್ಗದ ಪುಸ್ತಕಗಳನ್ನು ಬಾಲ್ಯದಿಂದ ಕೂಡಿಟ್ಟಿದ್ದಾನೆ. ಊಟದ ಹೊತ್ತಿನಲ್ಲಿ ಜೆಸ್ಸಿ ಕೆಣಕಿದಾಗ ತಮ್ಮಿಬ್ಬರ ನಡುವಿನ ಹೋಲಿಕೆಗಳನ್ನು ಮಗ್ಗಿಯಂತೆ ಒಪ್ಪಿಸುತ್ತಾನೆ: ಇಬ್ಬರೂ ಅಣ್ಣತಮ್ಮಂದಿರಲ್ಲಿ ಕಿರಿಯರು, ಇಬ್ಬರದೂ ನೀಲಿ ಕಣ್ಣು, ಇಬ್ಬರೂ ಐದು ಅಡಿ ಎಂಟು ಅಂಗುಲ ಎತ್ತರ. ಸುತ್ತ ಕೂತವರು ನಗುತ್ತಾರೆ. ಅದಕ್ಕೆ ಮೊದಲು ಒಂದು ದಿನ, ಸ್ನಾನದ ತೊಟ್ಟಿಯಲ್ಲಿ ಕೂತ ಜೆಸ್ಸಿ ಹಿಂದೆ ಬಂದು ನಿಂತ ಹುಡುಗನನ್ನು ಕೇಳಿರುತ್ತಾನೆ: ನಿನಗೆ ನನ್ನಂತಾಗಬೇಕೋ, ನಾನೇ ಆಗಬೇಕೋ? ಬಾಬ್‌ಗೆ ಉತ್ತರ ತಿಳಿಯದು. ಅವನ ಭಕ್ತಿ ಎಲ್ಲಿ ಅವಮಾನವಾಯಿತು, ಅವಮಾನ ಎಲ್ಲಿ ದ್ವೇಷವಾಯಿತು ಎಂದು ಬೊಟ್ಟು ಮಾಡಿ ತೋರಿಸಲಾಗದಷ್ಟು ಮೆಲ್ಲಗೆ ಆ ಬದಲಾವಣೆ ನಡೆಯುತ್ತದೆ. ಜೆಸ್ಸಿಯನ್ನು ಮುಗಿಸಲು ಮಿಸೌರಿಯ ಗವರ್ನರ್ ಕ್ರಿಟೆಂಡೆನ್‌ನ ಜೊತೆ ಒಪ್ಪಂದವಾದ ಮೇಲೆ, ಸೇಂಟ್ ಜೋಸೆಫ್ ಊರಿನಲ್ಲಿ ಥಾಮಸ್ ಹೋವರ್ಡ್ ಎಂಬ ಸುಳ್ಳು ಹೆಸರಿನಿಂದ ಸಂಸಾರ ನಡೆಸುತ್ತಿರುವ ಜೆಸ್ಸಿಯ ಮನೆಯಲ್ಲೇ ಫೋರ್ಡ್ ಅಣ್ಣತಮ್ಮಂದಿರು ಉಳಿದಿರುವಾಗ, ಒಂದು ದಿನ ಬಾಬ್ ಯಾರೂ ಇಲ್ಲದ ಹೊತ್ತು ನೋಡಿ ಆ ಮನೆಯೊಳಗೆ ಓಡಾಡುತ್ತಾನೆ. ಜೆಸ್ಸಿ ನೀರು ಕುಡಿದ ಲೋಟದಿಂದ ಗುಟುಕು ನೀರು ಕುಡಿಯುತ್ತಾನೆ, ಅವನ ಹಾಸಿಗೆಯ ಮೇಲೆ ಮಲಗುತ್ತಾನೆ, ಜೆಸ್ಸಿಯ ಮೊಂಡು ಬೆರಳನ್ನು ನೆನೆದು ತನ್ನ ಬೆರಳನ್ನು ಮಡಿಸಿ ನೋಡಿಕೊಳ್ಳುತ್ತಾನೆ. ಆ ಮನೆಯ ಅನ್ನ ಉಣ್ಣುತ್ತಲೇ ಇದ್ದಾನೆ. ಉಂಡ ಮನೆಗೆ ಎರಡು ಬಗೆಯುವುದು ಎಂದು ನಾವು ಒಂದೇ ಮಾತಿನಲ್ಲಿ ಹೇಳಿ ಮುಗಿಸುವುದರೊಳಗೆ ಎಷ್ಟು ದಿನಗಳ ನರಳಾಟವಿರಬಹುದೆಂದು ನಾನು ಯೋಚಿಸಿರಲೇ ಇಲ್ಲ.

1882ರ ಏಪ್ರಿಲ್ 3ರ ಬೆಳಗ್ಗೆ ನಡೆದದ್ದು ಎಲ್ಲರಿಗೂ ಗೊತ್ತಿರುವ ಇತಿಹಾಸ. ನಾಷ್ಟಾ ಆಗಿದೆ. ಸೆಕೆ ಎಂದು ಜೆಸ್ಸಿ ಕೋಟು ತೆಗೆದ. ದಾರಿಹೋಕರ ಕಣ್ಣಿಗೆ ಬೀಳಬಾರದೆಂದು ಸೊಂಟದ ಪಿಸ್ತೂಲುಗಳನ್ನೂ ಬಿಚ್ಚಿಟ್ಟ. ಗೋಡೆಯ ಮೇಲಿನ ಚಿತ್ರಕ್ಕೆ ಧೂಳು ಹಿಡಿದಿದೆಯೆಂದು ಕುರ್ಚಿ ಹತ್ತಿದ. ಹಿಂದಿನಿಂದ ಬಾಬ್ ಗುಂಡು ಹಾರಿಸಿದ. ಸತ್ತವನಿಗೆ ಮೂವತ್ನಾಲ್ಕು, ಕೊಂದವನಿಗೆ ಇಪ್ಪತ್ತು. ಚಿತ್ರದಲ್ಲಿ ಈ ಕೆಲವು ನಿಮಿಷಗಳಿಗೆ ಕೊನೆಯೇ ಇಲ್ಲವೆನಿಸುತ್ತದೆ. ಹೊರಗೆ ಮಗುವಿನ ಸದ್ದು, ಒಳಗೆ ಹೆಂಡತಿಯ ಕೆಲಸದ ಸದ್ದು. ಜೆಸ್ಸಿ ಪಿಸ್ತೂಲುಗಳನ್ನು ಒಂದೊಂದಾಗಿ ಇಟ್ಟು, ಚಿತ್ರದ ಕಡೆ ತಿರುಗುತ್ತಾನೆ. ಚಿತ್ರದ ಗಾಜಿನಲ್ಲಿ ಬಾಬ್‌ನ ಪ್ರತಿಬಿಂಬ ಮೂಡುತ್ತದೆ. ಜೆಸ್ಸಿ ಅದನ್ನು ನೋಡುತ್ತಾನೆ. ತಿರುಗುವುದಿಲ್ಲ.

ಮಾವ ಇಲ್ಲಿ ಕೈ ಎತ್ತಿ ನಿಲ್ಲಿಸಲು ಹೇಳಿದರು. ಹಿಂದಕ್ಕೆ ಹಾಕಿಸಿ, ಜೆಸ್ಸಿ ಕುರ್ಚಿ ಹತ್ತುವುದರಿಂದ ಮತ್ತೆ ನೋಡಿದರು. ಆಮೇಲೆ, “ಸಾಯಾವ ತನ್ನ ಪಾರ್ಟು ಬಾಯಿಪಾಠ ಮಾಡ್ಯಾನ, ತಮ್ಮಾ. ಕೊಲ್ಲಾವಗ ಇನ್ನಾ ಬಂದಿಲ್ಲ,” ಎಂದರು.

ಅವರು ಹಾಗೆ ಹೇಳಲು ಕಾರಣವಿದೆ. ನಮ್ಮೂರಿನಲ್ಲಿ ದ್ಯಾಮವ್ವನ ಜಾತ್ರೆಗೆ ಸಿಂಧೂರ ಲಕ್ಷ್ಮಣನ ನಾಟಕ ಆಡುತ್ತಿದ್ದರು. ಬ್ರಿಟಿಷರ ಕಾಲದಲ್ಲಿ ಸರ್ಕಾರಕ್ಕೆ ಸೆಡ್ಡು ಹೊಡೆದು, ಉಳ್ಳವರನ್ನು ದೋಚಿ ಇಲ್ಲದವರಿಗೆ ಕೊಟ್ಟವನೆಂದು ಉತ್ತರ ಕರ್ನಾಟಕದ ಹಾಡು ನಾಟಕಗಳೆಲ್ಲ ಕೊಂಡಾಡುವ ಲಕ್ಷ್ಮಣನನ್ನು, ನಂಬಿದವನೇ ಊಟಕ್ಕೆ ಕರೆದು ಪೊಲೀಸರಿಗೆ ಒಪ್ಪಿಸಿದ ಎಂಬುದು ನಾಟಕದ ಕೊನೆ. ಆ ಮೋಸಗಾರನ ಪಾರ್ಟಿಗೆ ಹೆಸರು ಕೊಟ್ಟವನು ತಾಲೀಮು ಶುರುವಾದ ಮೇಲೆ ಒಲ್ಲೆನೆಂದು ಕೈ ಎತ್ತಿದ್ದರಿಂದ, ಪೇಟಿ ಮಾಸ್ತರರು ಇಪ್ಪತ್ತೆರಡರ ನಮ್ಮ ಮಾವನನ್ನು ಹಿಡಿದು ನಿಲ್ಲಿಸಿದರು. ಮೂರು ವರ್ಷ ಅವರು ಅದನ್ನು ಮಾಡಿದರು. ಲಕ್ಷ್ಮಣನ ಪಾರ್ಟು ಮಾಡುತ್ತಿದ್ದವರು ಅವರ ಜೀವದ ಗೆಳೆಯ. ಊಟದ ದೃಶ್ಯದಲ್ಲಿ ಲಕ್ಷ್ಮಣನ ಮುಂದೆ ಹಿತ್ತಾಳೆ ತಾಟು ಇಡುವ ಮೊದಲು ಮಾವ ಅದನ್ನು ತಮ್ಮ ಹೆಗಲ ಟವೆಲಿನಿಂದ ಒರೆಸುತ್ತಿದ್ದರು. ಒಮ್ಮೆ ಒರೆಸಿ, ಬೆಳಕಿಗೆ ಹಿಡಿದು ನೋಡಿ, ಮತ್ತೊಮ್ಮೆ ಒರೆಸುತ್ತಿದ್ದರು. ನಾಟಕದ ಪುಸ್ತಕದಲ್ಲಿ ಅದು ಇರಲಿಲ್ಲ. ಮೊದಲ ರಾತ್ರಿ ಮುಂದಿನ ಮಾತು ಮರೆತುಹೋಗಿ, ನೆನಪಾಗುವ ತನಕ ಏನಾದರೂ ಮಾಡಬೇಕಲ್ಲ ಎಂದು ಮಾಡಿದ್ದು, ಜನ ಉಸಿರು ಬಿಗಿಹಿಡಿದು ಕೂತದ್ದನ್ನು ಕಂಡು ಮಾಸ್ತರರು ಅದನ್ನೇ ಉಳಿಸಿಕೊಂಡರು. ಅಷ್ಟು ಪ್ರೀತಿಯಿಂದ ತಾಟು ಒರೆಸುವವನು ವಿಷ ಮನಸ್ಸಿನಲ್ಲಿಟ್ಟುಕೊಂಡಿದ್ದಾನಲ್ಲ ಎಂದು ಹೆಂಗಸರು ಶಾಪ ಹಾಕುತ್ತಿದ್ದರು ಎಂದು ಅವ್ವ ಈಗಲೂ ಹೇಳುತ್ತಾಳೆ.

ಮರುದಿನ ಗಿರಣಿಗೆ ಜೋಳ ಬೀಸಿಸಲು ಹೋದರೆ ಮುದುಕಿಯೊಬ್ಬಳು ತನ್ನ ಬುಟ್ಟಿಯನ್ನು ಅವರ ಬುಟ್ಟಿಯಿಂದ ದೂರ ಸರಿಸಿಕೊಂಡಳಂತೆ. ಮಕ್ಕಳು ಓಣಿಯಲ್ಲಿ ಹಿಂದೆ ಬಿದ್ದು ಕೂಗುತ್ತಿದ್ದವು. ಮಾವ ಇದನ್ನು ದೂರಾಗಿ ಹೇಳಲಿಲ್ಲ. ಜನ ನಾಟಕವನ್ನು ಅಷ್ಟು ನಂಬಿದ್ದರು ಎಂದರು. ಆದರೆ ಮೂರನೆಯ ವರ್ಷದ ಹೊತ್ತಿಗೆ ಗೆಳೆಯನೂ ರಂಗದ ಮೇಲೆ ತನ್ನನ್ನು ಬೇರೆ ಕಣ್ಣಿನಿಂದ ನೋಡತೊಡಗಿದ ಎಂಬ ಮಾತನ್ನು ಮಾತ್ರ ದನಿ ತಗ್ಗಿಸಿ ಹೇಳಿದರು.

ಇದು ಹೊರಬಂದದ್ದು ಎರಡನೆಯ ರಾತ್ರಿ, ಚಿತ್ರದ ಕೊನೆಯ ಅರ್ಧ ಗಂಟೆ ನೋಡುವಾಗ. ಬೇರೆ ಯಾವ ನಿರ್ದೇಶಕನಾದರೂ ಗುಂಡಿನ ಸದ್ದಿನೊಂದಿಗೆ ಕತೆ ಮುಗಿಸುತ್ತಿದ್ದ. ಡಾಮಿನಿಕ್ ಅಲ್ಲಿಂದ ಇನ್ನೊಂದು ಚಿತ್ರವನ್ನೇ ಶುರು ಮಾಡುತ್ತಾನೆ. ಬಾಬ್ ಗವರ್ನರ್‌ಗೆ ತಂತಿ ಕಳಿಸುತ್ತಾನೆ. ಹೆಣದ ಫೋಟೊ ತೆಗೆದು ಮಾರುತ್ತಾರೆ. ಅಣ್ಣತಮ್ಮಂದಿರಿಗೆ ಒಂದೇ ದಿನ ಗಲ್ಲು ಶಿಕ್ಷೆಯೂ ಗವರ್ನರ್‌ನ ಕ್ಷಮೆಯೂ ಸಿಗುತ್ತವೆ. ಘೋಷಿಸಿದ್ದ ಇನಾಮಿನಲ್ಲಿ ಸ್ವಲ್ಪವೇ ಕೈಗೆ ಬರುತ್ತದೆ. ಆಮೇಲೆ ಇಬ್ಬರೂ ಊರೂರಿಗೆ ಹೋಗಿ ಆ ಕೊಲೆಯನ್ನೇ ನಾಟಕವಾಗಿ ಆಡಿ ತೋರಿಸತೊಡಗುತ್ತಾರೆ. ಬಾಬ್‌ನ ಪಾರ್ಟು ಬಾಬ್‌ನದೇ, ಜೆಸ್ಸಿಯ ಪಾರ್ಟು ಚಾರ್ಲಿಯದು. ಎಂಟುನೂರಕ್ಕೂ ಹೆಚ್ಚು ಸಲ ಬಾಬ್ ರಂಗದ ಮೇಲೆ ಜೆಸ್ಸಿಯನ್ನು ಕೊಂದ ಎಂದು ನಿರೂಪಕ ಹೇಳುತ್ತಾನೆ. ದಿನ ಕಳೆದಂತೆ ಚಾರ್ಲಿಯ ನಡಿಗೆ, ದನಿ, ನೋಟ ಎಲ್ಲವೂ ಸತ್ತವನದೇ ಆಗುತ್ತ ಬಂದು, ತಮ್ಮನನ್ನು ಅವನು ನೋಡುವ ನೋಟದಲ್ಲಿ ನಂಜು ತುಂಬುತ್ತದೆ. ಬೆಳಕಿನಾಚೆ ಕೂತ ಪ್ರೇಕ್ಷಕರಿಂದ ಹೇಡಿ ಎಂಬ ಕೂಗು ಬರುತ್ತದೆ. 1884ರಲ್ಲಿ ಚಾರ್ಲಿ ತನಗೆ ತಾನೇ ಗುಂಡಿಟ್ಟುಕೊಂಡ. ಸತ್ತವನ ಪಾರ್ಟು ಕಟ್ಟಿದವನನ್ನೂ ಆ ಪಾರ್ಟು ನುಂಗಿತು, ಕೊಂದವನ ಪಾರ್ಟು ಕಟ್ಟಿದವನಿಗೆ ಅದನ್ನು ಕಳಚಲಾಗಲಿಲ್ಲ. ಏಪ್ರಿಲ್ 3ರಂದು ಬಾರದಿದ್ದ ಪಾರ್ಟನ್ನು ಬಾಬ್ ಕಲಿತದ್ದು ಆ ರಾತ್ರಿಗಳಲ್ಲಿ. ಮಾವ ಹಿಡಿದ ಎಳೆ ಇದೇ. ನಾನು ಮೊದಲ ಸಲ ಕೊಲೆಯ ದೃಶ್ಯವನ್ನು ಚಿತ್ರದ ತುದಿ ಎಂದುಕೊಂಡು ನಾಟಕದ ದೃಶ್ಯಗಳನ್ನು ಬಾಲದಂತೆ ನೋಡಿದ್ದೆ. ಅದು ತಪ್ಪು ನೋಟವಾಗಿತ್ತು.

ಜೆಸ್ಸಿಯ ತಾಯಿ ಮಗನ ಸಮಾಧಿಕಲ್ಲಿನ ಮೇಲೆ, ಇಲ್ಲಿ ಹೆಸರು ಕೆತ್ತಿಸಿಕೊಳ್ಳಲೂ ಯೋಗ್ಯನಲ್ಲದ ದ್ರೋಹಿ ಹೇಡಿಯೊಬ್ಬನಿಂದ ಹತನಾದವನು ಎಂಬರ್ಥದ ಮಾತು ಬರೆಸಿದಳು. ಹಾಡೂ ಬೇಗ ಹುಟ್ಟಿತು, ಕೊಂದವನನ್ನು ಕೊಳಕು ಹೇಡಿ ಎಂದೇ ಕರೆಯಿತು. ಚಿತ್ರದಲ್ಲಿ ಆ ಹಾಡನ್ನು ಹೆಂಡದಂಗಡಿಯಲ್ಲಿ ಹಾಡುವ ಪಾತ್ರವನ್ನು ನಿಕ್ ಕೇವ್ ತಾನೇ ಮಾಡಿದ್ದಾನೆ. ಜೆಸ್ಸಿಗೆ ಮೂವರು ಮಕ್ಕಳು ಎಂದು ಹಾಡು ಹೇಳುತ್ತದೆ. ಅಲ್ಲೇ ಕೂತ ಬಾಬ್‌ಗೆ ತಡೆ ಹಿಡಿಯಲಾಗುವುದಿಲ್ಲ: ಮೂರಲ್ಲ, ಇಬ್ಬರು ಮಕ್ಕಳು. ತನ್ನನ್ನು ಹೇಡಿ ಎಂದದ್ದನ್ನು ಅವನು ತಿದ್ದಲಾರ. ಮಕ್ಕಳ ಲೆಕ್ಕವನ್ನು ಮಾತ್ರ ತಿದ್ದುತ್ತಾನೆ. ಆ ಮನೆಯಲ್ಲಿ ಉಂಡವನಿಗೆ ಮಾತ್ರ ಗೊತ್ತಿರುವ ಲೆಕ್ಕ ಅದು. ಇಡೀ ಚಿತ್ರದಲ್ಲಿ ನನ್ನನ್ನು ಹೆಚ್ಚು ಕಲಕಿದ ಗಳಿಗೆ ಅದೇ.

ಇಲ್ಲಿ ಒಂದು ಮಾತು ಸ್ಪಷ್ಟವಾಗಬೇಕು. ನಮ್ಮ ಲಕ್ಷ್ಮಣನನ್ನು ಜೆಸ್ಸಿಯ ಪಕ್ಕ ನಿಲ್ಲಿಸುವುದು ನನ್ನ ಉದ್ದೇಶವಲ್ಲ. ಒಬ್ಬ ಪರದೇಶದ ಆಳ್ವಿಕೆಗೆ ಎದುರು ನಿಂತವನು, ಇನ್ನೊಬ್ಬ ಮನುಷ್ಯರನ್ನು ಕೊಂಡು ಮಾರುವ ವ್ಯವಸ್ಥೆಯ ಪರವಾಗಿ ಬಂದೂಕು ಹಿಡಿದವನು. ಇಬ್ಬರ ಹಾಡೂ ಒಂದೇ ಅಚ್ಚಿನಲ್ಲಿ ಎರಕಗೊಂಡಿರುವುದು ಹಾಡಿನ ಗುಣ. ಚಿತ್ರವೂ ಜೆಸ್ಸಿಯ ಯುದ್ಧಕಾಲದ ಪಾಲನ್ನು ಹೊರಗಿಟ್ಟು ಅವನಿಗೆ ಸ್ವಲ್ಪ ಉಪಕಾರವನ್ನೇ ಮಾಡಿದೆ ಎನ್ನಬೇಕು. ಇನ್ನೊಂದು ಕೊರತೆಯೂ ಇದೆ: ಹೆಣ್ಣುಗಳಿಗೆ ಇಲ್ಲಿ ಮಾತು ಬಹಳ ಕಡಿಮೆ. ಜೆಸ್ಸಿಯ ಹೆಂಡತಿಯಾಗಿ ನಟಿಸಿದ ಮೇರಿ ಲೂಯಿಸ್ ಪಾರ್ಕರ್, ಗಂಡನ ಹೆಣದ ಮುಂದೆ ಒಂದು ಆಕ್ರಂದನದಲ್ಲಿ ತನ್ನ ಶಕ್ತಿ ತೋರಿಸುತ್ತಾಳೆ. ಅದಕ್ಕೆ ಮೊದಲು ಅವಳಿಗೂ ಒಂದು ಭಯ, ಒಂದು ಗುಮಾನಿ ಇದ್ದಿರಲೇಬೇಕಲ್ಲ, ಅದು ನಮಗೆ ಕಾಣುವುದಿಲ್ಲ. ನಿರೂಪಕನೂ ಕೆಲವೆಡೆ ಮುಖವೇ ಹೇಳುತ್ತಿರುವುದನ್ನು ಮತ್ತೆ ಮಾತಿನಲ್ಲಿ ಹೇಳುತ್ತಾನೆ. ಇವು ಸಣ್ಣ ಮಾತುಗಳು.

1892ರ ಜೂನ್ 8ರಂದು ಕೊಲರಾಡೊದ ಕ್ರೀಡ್ ಎಂಬ ಗಣಿ ಊರಿನಲ್ಲಿ, ತನ್ನದೇ ಡೇರೆಯ ಹೆಂಡದಂಗಡಿಯಲ್ಲಿ, ಎಡ್ವರ್ಡ್ ಓಕೆಲಿ ಎಂಬಾತ ಬಾಬ್‌ನನ್ನು ಗುಂಡಿಟ್ಟು ಕೊಂದ. ಬಾಬ್‌ಗೆ ಆಗ ಮೂವತ್ತು ವರ್ಷ. ಓಕೆಲಿಗೆ ಜೀವಾವಧಿ ಶಿಕ್ಷೆಯಾದರೂ ಹತ್ತು ವರ್ಷಕ್ಕೆ ಬಿಡುಗಡೆಯಾಯಿತು. ಅವನನ್ನು ಯಾವ ಹಾಡೂ ಹೇಡಿ ಎನ್ನಲಿಲ್ಲ. ಚಿತ್ರ ಬಾಬ್ ತಿರುಗಿ ನೋಡುವ ಗಳಿಗೆಯಲ್ಲಿ ನಿಲ್ಲುತ್ತದೆ, ಜೆಸ್ಸಿ ತಿರುಗಲಿಲ್ಲ ಎಂಬುದು ನೋಡುವವರ ನೆನಪಿನಲ್ಲಿ ಇರುತ್ತದೆ.

ಚಿತ್ರ ಮುಗಿದು ಹೆಸರುಗಳು ಹಾಯುತ್ತಿದ್ದಾಗ ಮಾವ, ಆ ಹುಡುಗನ ಪಾರ್ಟು ಮಾಡಿದವನ ಹೆಸರೇನು ಎಂದು ಕೇಳಿದರು. ಹೇಳಿದೆ. ಹೆಸರು ಎರಡು ಸಲ ಹೇಳಿಸಿಕೊಂಡರು. ನಮ್ಮ ಕಡೆ ನಾಟಕದ ನಡುವೆ ಆಟ ನಿಲ್ಲಿಸಿ, ಮೆಚ್ಚಿದವರು ಕೊಟ್ಟ ದುಡ್ಡನ್ನು ಮೈಕಿನಲ್ಲಿ ಹೆಸರು ಹಿಡಿದು ಕೂಗಿ ಪಾರ್ಟಿನವರಿಗೆ ಒಪ್ಪಿಸುತ್ತಾರೆ. ಅದಕ್ಕೆ ಆಯೇರಿ ಎನ್ನುತ್ತಾರೆ. ಲಕ್ಷ್ಮಣನಿಗೆ ಒಂದು ರಾತ್ರಿಗೆ ಮೂವತ್ತು ನಲವತ್ತು ಆಯೇರಿ ಬರುತ್ತಿದ್ದವು.

“ಅವಗ ಆಯೇರಿ ಬಂತೇನು?” ಎಂದು ಮಾವ ಕೇಳಿದರು.

ಜೆಸ್ಸಿ ಆದವನಿಗೆ ವೆನಿಸ್‌ನಲ್ಲಿ ದೊಡ್ಡ ಪ್ರಶಸ್ತಿ ಬಂತು. ಇವನ ಹೆಸರು ಆಸ್ಕರ್‌ಗೆ ಹೋಗಿತ್ತು, ಪ್ರಶಸ್ತಿ ಮಾತ್ರ ಬೇರೆಯವರ ಪಾಲಾಯಿತು ಎಂದೆ. ಮಾವ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದರು. ಆಮೇಲೆ ಹೆಗಲ ಮೇಲಿನ ಟವೆಲ್ ತೆಗೆದು, ನನ್ನ ಅವ್ವ ಅವರಿಗೆಂದು ತಂದಿಟ್ಟಿದ್ದ ಹಾಲಿನ ಲೋಟದ ಹೊರಮೈ ಒರೆಸಿಕೊಂಡು, ಕುಡಿದು, ಮಲಗಲು ಎದ್ದರು.